ಎರಡನೆಯ ಮಾಲೀಕನ ಚರಿತ್ರೆ

1888ರ ಆಗಸ್ಟ್ ತಿಂಗಳಲ್ಲಿ ಬೆರ್ಥಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಗಂಡನಿಗೆ ತಿಳಿಸದೆ, ಆತ ತಯಾರಿಸಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು ನೂರು ಕಿಲೋಮೀಟರ್ ದಾರಿ. ಮೋಟಾರು ಕಾರಿನ ಮೊದಲ ದೂರ ಪ್ರಯಾಣವೆಂದು ಇದನ್ನು ಎಲ್ಲ ಪುಸ್ತಕಗಳೂ ಕೊಂಡಾಡುತ್ತವೆ. ಆದರೆ ಆ ದಿನ ದಾರಿಯಲ್ಲಿ ನಡೆದದ್ದೆಲ್ಲ ರಿಪೇರಿಯೇ. ಇಂಧನದ ಕೊಳವೆ ಕಟ್ಟಿಕೊಂಡಾಗ ಬೆರ್ಥಾ ಟೋಪಿಯ ಪಿನ್ನಿನಿಂದ ಅದನ್ನು ಬಿಡಿಸಿದರು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದಾಗ ತಮ್ಮ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡರು. ಬ್ರೇಕಿನ ಮರದ ತುಂಡು ತೇದುಹೋದಾಗ ಒಬ್ಬ ಚಮ್ಮಾರನಿಂದ ಅದಕ್ಕೆ ಚರ್ಮ ಹೊದಿಸಿಕೊಂಡರು. ಏರು ಬಂದಲ್ಲಿ ಮಕ್ಕಳು ಇಳಿದು ತಳ್ಳಿದರು.

ಹಾಗಾಗಿ ಜರ್ಮನ್ ಕಾರಿನ ಚರಿತ್ರೆಯನ್ನು ಪೇಟೆಂಟಿನಿಂದ ಶುರುಮಾಡಬಹುದು, ನಿರ್ವಹಣೆಯಿಂದಲೂ ಶುರುಮಾಡಬಹುದು. ತಂತ್ರಜ್ಞಾನದ ಚರಿತ್ರೆ ಬಹುಕಾಲ ಮೊದಲನೆಯ ದಾರಿಯಲ್ಲೇ ನಡೆಯಿತು. ಯಾರು ಕಂಡುಹಿಡಿದರು, ಯಾವಾಗ, ಎಷ್ಟು ವೇಗ ಎಂಬ ಪ್ರಶ್ನೆಗಳೇ ದೊಡ್ಡದಾದವು. ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಜರ್ಟನ್ 2006ರಲ್ಲಿ 'ದಿ ಶಾಕ್ ಆಫ್ ದಿ ಓಲ್ಡ್' ಎಂಬ ಪುಸ್ತಕದಲ್ಲಿ ಈ ಅಭ್ಯಾಸವನ್ನೇ ಪ್ರಶ್ನಿಸಿದರು. ವಸ್ತುಗಳು ಹುಟ್ಟಿದ ಕ್ಷಣಕ್ಕಿಂತ ಅವು ಬಳಕೆಯಲ್ಲಿರುವ ಕಾಲ ದೊಡ್ಡದು, ಆ ಕಾಲದ ಬಹುಪಾಲು ಕೆಲಸ ದುರಸ್ತಿ ಎಂಬುದು ಅವರ ವಾದ. ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಈ ವಾದಕ್ಕೆ ಒಳ್ಳೆಯ ಒರೆಗಲ್ಲು. ಇಪ್ಪತ್ತು ವರ್ಷ ಬಾಳುವ ಒಂದು ಕಾರು ಮೊದಲ ಮಾಲೀಕನ ಬಳಿ ಇರುವುದು ಮೂರು ನಾಲ್ಕು ವರ್ಷವಾದರೆ, ಉಳಿದ ಬದುಕೆಲ್ಲ ಎರಡನೆಯ, ಮೂರನೆಯ ಮಾಲೀಕರ ಬಳಿಯೇ. ಜಾಹೀರಾತುಗಳು ಮಾತ್ರ ಮೊದಲನೆಯವನನ್ನಷ್ಟೇ ತೋರಿಸುತ್ತವೆ.

'ಜರ್ಮನ್ ಕಾರು ಗಟ್ಟಿ' ಎಂಬ ಮಾತು ನಮ್ಮಲ್ಲಿ ಎಷ್ಟು ಸಹಜವೋ, 'ಹಳೆಯ ಜರ್ಮನ್ ಕಾರು ಕೊಂಡರೆ ಮನೆ ಮಾರಬೇಕಾಗುತ್ತದೆ' ಎಂಬ ಮಾತೂ ಅಷ್ಟೇ ಸಹಜ. ಎರಡೂ ಅನುಭವದಿಂದ ಹುಟ್ಟಿದ ಮಾತುಗಳೇ, ಆದರೆ ಎರಡು ಬೇರೆ ಕಾಲದ ಅನುಭವಗಳಿಂದ. ಒಂದು ಮಾತಿನಿಂದ ಇನ್ನೊಂದಕ್ಕೆ ನಾವು ಹೇಗೆ ಬಂದೆವು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಗಟ್ಟಿತನದ ಹೆಸರು ಬಂದದ್ದು ಕಾರ್ಖಾನೆಯಿಂದ ಮಾತ್ರವಲ್ಲ. 1865ರಲ್ಲಿ ಅದೇ ಮ್ಯಾನ್‌ಹೈಮ್‌ನ ಒಂದು ಬಿಯರ್ ತಯಾರಿಕಾ ಘಟಕದಲ್ಲಿ ಉಗಿಯ ಬಾಯ್ಲರ್ ಸಿಡಿಯಿತು. ಮರುವರ್ಷ ಬಾಯ್ಲರ್ ಮಾಲೀಕರೇ ಸೇರಿ ತಪಾಸಣೆಗಾಗಿ ಒಂದು ಸಂಘ ಕಟ್ಟಿಕೊಂಡರು. ಇಂಥ ಸಂಘಗಳೇ ಮುಂದೆ ಜರ್ಮನಿಯಲ್ಲಿ ಕಾರುಗಳನ್ನು ಪರೀಕ್ಷಿಸುವ 'ಟ್ಯುಫ್' ಸಂಸ್ಥೆಗಳಾದವು. 1951ರಿಂದ ಅಲ್ಲಿ ವಾಹನಗಳ ನಿಯತ ತಪಾಸಣೆ ಕಡ್ಡಾಯ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಬ್ರೇಕು, ಸ್ಟೀರಿಂಗ್, ತುಕ್ಕು, ಹೊಗೆ ಎಲ್ಲವನ್ನೂ ನೋಡುತ್ತಾರೆ. ತಪಾಸಣೆಯಲ್ಲಿ ಬಿದ್ದ ಕಾರನ್ನು ರಿಪೇರಿ ಮಾಡಿಸಬೇಕು, ಇಲ್ಲವೇ ಮಾರಬೇಕು. ಅಂದರೆ ಜರ್ಮನಿಯ ರಸ್ತೆಯಲ್ಲಿ ಹಳೆಯ ಕಾರೊಂದು ಚೆನ್ನಾಗಿ ಓಡುತ್ತಿದ್ದರೆ ಅದರ ಹಿಂದೆ ಒಳ್ಳೆಯ ಉಕ್ಕಿನ ಜೊತೆಗೆ ಕಾಯಿದೆಯ ಕಣ್ಣೂ ಇತ್ತು. ನಾವು 'ಬಾಳಿಕೆ' ಎನ್ನುವುದನ್ನು ವಸ್ತುವಿನ ಗುಣ ಎಂದುಕೊಳ್ಳುತ್ತೇವೆ. ಅದು ಎಷ್ಟೋ ಸಲ ಸಮಾಜದ ಒಂದು ಏರ್ಪಾಡು.

ಇನ್ನು ಕಾರಿನ ಮಾತು. 1976ರ ಜನವರಿಯಲ್ಲಿ ಮರ್ಸಿಡಿಸ್ ಸಂಸ್ಥೆ 'ಡಬ್ಲ್ಯು 123' ಎಂಬ ಮಾದರಿಯನ್ನು ಹೊರತಂದಿತು. ಹತ್ತು ವರ್ಷಗಳಲ್ಲಿ ಸುಮಾರು 27 ಲಕ್ಷ ಕಾರುಗಳು ತಯಾರಾದವು. ಅದರ ಡೀಸೆಲ್ ಕಾರುಗಳು ನಿಧಾನಕ್ಕೆ ಹೆಸರಾಗಿದ್ದವು. 240 ಡಿ ಮಾದರಿಯ ಎಂಜಿನ್ನಿಗೆ ಮೊದಲು ಇದ್ದದ್ದು 65 ಅಶ್ವಶಕ್ತಿ ಮಾತ್ರ. ಆದರೆ ಎಂಜಿನ್ನಿನಲ್ಲಿ ಕಂಪ್ಯೂಟರ್ ಇರಲಿಲ್ಲ. ಬಾಷ್ ಕಂಪನಿಯ ಯಾಂತ್ರಿಕ ಪಂಪು ಅಳತೆ ಮಾಡಿ ಡೀಸೆಲ್ ಕಳಿಸುತ್ತಿತ್ತು. ಬಾನೆಟ್ ಎತ್ತಿದರೆ ಕೈ ಹೋಗುವಷ್ಟು ಜಾಗ. ಯಾವುದು ಕೆಟ್ಟಿದೆ ಎಂದು ಕಿವಿ, ಮೂಗು, ಬೆರಳು ಹೇಳುತ್ತಿದ್ದವು. ಅಂಥ ಕಾರನ್ನು ಟ್ಯಾಕ್ಸಿಯವರು ಕೊಂಡರು, ರೈತರು ಕೊಂಡರು, ಆಮೇಲೆ ಅವು ಗಡಿ ದಾಟಿದವು. ಮೊರಾಕೊದಲ್ಲಿ ಊರೂರುಗಳ ನಡುವೆ ಓಡುವ 'ಗ್ರಾಂ ಟ್ಯಾಕ್ಸಿ' ಎಂದರೆ ಹಲವು ದಶಕಗಳ ಕಾಲ ಇದೇ ಹಳೆಯ ಮರ್ಸಿಡಿಸ್; ಮುಂದೆ ಚಾಲಕನ ಪಕ್ಕ ಇಬ್ಬರು, ಹಿಂದೆ ನಾಲ್ವರು. ಅವುಗಳನ್ನು ಬದಲಿಸಲು ಅಲ್ಲಿನ ಸರ್ಕಾರ 2014ರಿಂದ ಸಹಾಯಧನ ಕೊಡಬೇಕಾಯಿತು. ಖಾಸಗಿ ಕಾರುಗಳೇ ಇಲ್ಲದಿದ್ದ ಆಲ್ಬೇನಿಯಾದಲ್ಲಿ 1991ರ ನಂತರ ರಸ್ತೆ ತುಂಬಿದ್ದು ಜರ್ಮನಿಯಿಂದ ಬಂದ ಹಳೆಯ ಮರ್ಸಿಡಿಸ್‌ಗಳು. ಘಾನಾದ ಕುಮಾಸಿ ನಗರದ ಸುವಾಮೆ ಮ್ಯಾಗಜೀನ್ ಎಂಬ ಗ್ಯಾರೇಜುಗಳ ದೊಡ್ಡ ಬಡಾವಣೆಯಲ್ಲಿ ಇಂಥ ಯುರೋಪಿನ ಹಳೆಯ ಗಾಡಿಗಳನ್ನು ಬಿಚ್ಚಿ, ಬೆಸೆದು, ಬೇರೆ ಭಾಗ ಹಾಕಿ ಮತ್ತೆ ರಸ್ತೆಗಿಳಿಸುವುದೇ ಸಾವಿರಾರು ಜನರ ಜೀವನೋಪಾಯ.

ಈ ಚರಿತ್ರೆಯ ನಿಜವಾದ ನಾಯಕನೊಬ್ಬನನ್ನು ಹೆಸರಿಸುವುದಾದರೆ ಗ್ರೀಸ್ ದೇಶದ ಥೆಸಲೋನಿಕಿಯ ಟ್ಯಾಕ್ಸಿ ಚಾಲಕ ಗ್ರೆಗೋರಿಯೋಸ್ ಸಾಖಿನಿಡಿಸ್. 1976ರಲ್ಲಿ ತಯಾರಾದ, ಡಬ್ಲ್ಯು 123ಕ್ಕಿಂತ ಹಿಂದಿನ ಪೀಳಿಗೆಯ ಒಂದು 240 ಡಿ ಕಾರನ್ನು ಅವರು 1981ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡರು. ಆಗಲೇ ಅದು 2 ಲಕ್ಷ ಕಿಲೋಮೀಟರ್ ದಾಟಿತ್ತು. 2004ರಲ್ಲಿ ಅವರು ಅದನ್ನು ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟಾಗ ಓಟ 46 ಲಕ್ಷ ಕಿಲೋಮೀಟರ್. ಇದನ್ನು ಕಾರಿನ ಸಾಧನೆ ಎಂದು ಹೇಳುವುದು ವಾಡಿಕೆ. ಆದರೆ ಆತ ಮೂರು ಎಂಜಿನ್‌ಗಳನ್ನು ಇಟ್ಟುಕೊಂಡು, ಒಂದು ಗಾಡಿಯಲ್ಲಿ ದುಡಿಯುವಾಗ ಇನ್ನೊಂದನ್ನು ಸರಿಪಡಿಸಿಕೊಳ್ಳುತ್ತ, ಸರದಿಯಂತೆ ಬದಲಿಸುತ್ತಿದ್ದರು. ಕಾರಿನ ದಾಖಲೆ ನಿಜವಾಗಿ ಅದನ್ನು ಸಾಕಿದ ಮನುಷ್ಯನ ದಾಖಲೆ. ಆ ಕಾರು ಹಾಗೆ ಸಾಕಿಸಿಕೊಳ್ಳಲು ಒಪ್ಪಿತು ಎಂಬುದು ಅದರ ದೊಡ್ಡತನ.

ಕರ್ನಾಟಕಕ್ಕೂ ಈ ಲೋಕಕ್ಕೂ ಹಳೆಯ ನಂಟಿದೆ. 1954ರಿಂದ 1969ರವರೆಗೆ ಟಾಟಾ ಲಾರಿಗಳು ಮರ್ಸಿಡಿಸ್ ಸಹಯೋಗದಲ್ಲಿ, ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಹೊತ್ತು ತಯಾರಾದವು. ಬಾಷ್ ಸಂಸ್ಥೆಯ ಭಾರತೀಯ ಕಂಪನಿ ಮೈಕೊ ಹುಟ್ಟಿದ್ದು 1951ರಲ್ಲಿ. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಹೊರಬಂದವು. ಮೈಕೊ ಲೇಔಟ್ ಎಂಬ ಹೆಸರಿನಲ್ಲಿ ಆ ನೆನಪು ಇನ್ನೂ ಇದೆ. ಜಿಲ್ಲಾ ಕೇಂದ್ರಗಳ ಲಾರಿ ನಿಲ್ದಾಣಗಳ ಬಳಿ ಪಂಪು ಬಿಚ್ಚಿ ಅಳತೆಗೆ ಕೂರಿಸುವ ಅಂಗಡಿಗಳು ಎದ್ದವು. ಜರ್ಮನ್ ತಂತ್ರಜ್ಞಾನ ನಮ್ಮ ಊರುಗಳಿಗೆ ಮೊದಲು ಬಂದದ್ದು ಐಷಾರಾಮದ ರೂಪದಲ್ಲಿ ಅಲ್ಲ, ಬಿಚ್ಚಿ ಜೋಡಿಸಬಹುದಾದ ದುಡಿಮೆಯ ಯಂತ್ರದ ರೂಪದಲ್ಲಿ. ಮರ್ಸಿಡಿಸ್ ಕಾರು ಪುಣೆಯಲ್ಲಿ ಜೋಡಣೆಯಾಗಿ ಮಾರಾಟಕ್ಕೆ ಬಂದದ್ದು ಬಹಳ ತಡವಾಗಿ, 1995ರಲ್ಲಿ. ಆ ಹೊತ್ತಿಗೆ ಜರ್ಮನಿಯಲ್ಲಿ ಕಾಲ ಬದಲಾಗಿತ್ತು.

ಬದಲಾವಣೆಯ ಒಂದು ಕಾರಣ ಜಪಾನಿನಿಂದ ಬಂತು. 1989ರಲ್ಲಿ ಟೊಯೋಟಾ ತನ್ನ ಲೆಕ್ಸಸ್ ಎಲ್‌ಎಸ್ 400 ಕಾರನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟಿತು. ಸದ್ದಿಲ್ಲದ, ಕೆಡದ ಕಾರು. ಬೆಲೆ ಜರ್ಮನ್ ಪ್ರತಿಸ್ಪರ್ಧಿಗಳಿಗಿಂತ ತುಂಬ ಕಡಿಮೆ. ಅಲ್ಲಿಯವರೆಗೆ ಮರ್ಸಿಡಿಸ್‌ನಲ್ಲಿ ಎಂಜಿನಿಯರುಗಳು ತಮಗೆ ಸರಿ ಕಂಡ ಕಾರನ್ನು ಮಾಡುತ್ತಿದ್ದರು, ಆದ ಖರ್ಚಿನ ಮೇಲೆ ಬೆಲೆ ನಿಗದಿಯಾಗುತ್ತಿತ್ತು. 1990ರ ದಶಕದಲ್ಲಿ ಹೆಲ್ಮುಟ್ ವೆರ್ನರ್ ಅವರ ಆಡಳಿತದಲ್ಲಿ ಲೆಕ್ಕ ತಿರುಗುಮುರುಗಾಯಿತು. ಮಾರುಕಟ್ಟೆ ಎಷ್ಟು ಕೊಡುತ್ತದೆ ಎಂಬುದು ಮೊದಲು, ಅದರೊಳಗೆ ಕಾರು ಆಮೇಲೆ. 1995ರಲ್ಲಿ ಬಂದ ಇ-ಕ್ಲಾಸ್ ಮಾದರಿ ತುಕ್ಕಿಗೆ ಕುಖ್ಯಾತವಾಯಿತು.

ಎರಡನೆಯ ಕಾರಣ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಜರ್ಮನಿಯಲ್ಲಿ ಪ್ರತಿವರ್ಷ ನೋಂದಣಿಯಾಗುವ ಹೊಸ ಕಾರುಗಳಲ್ಲಿ ಹೆಚ್ಚು ಪಾಲು ಕಂಪನಿಗಳ ಹೆಸರಿನಲ್ಲಿರುತ್ತದೆ. ಕಂಪನಿಯ ಕಾರನ್ನು ನೌಕರ ಸ್ವಂತಕ್ಕೆ ಬಳಸಿದರೆ ಕಾರಿನ ಪಟ್ಟಿಬೆಲೆಯ ಶೇಕಡಾ 1ರಷ್ಟನ್ನು ತಿಂಗಳ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುವ ಸುಲಭ ನಿಯಮ 1996ರಿಂದ ಇದೆ. ಮೂರು ವರ್ಷ ಬಾಡಿಗೆ ಕರಾರು, ಆಮೇಲೆ ವಾಪಸು. ಇಂಥ ಗ್ರಾಹಕನಿಗೆ ಬೇಕಾದ್ದು ಹೊಸತನ, ಸೌಕರ್ಯ ಮತ್ತು ಆ ಮೂರು ವರ್ಷಗಳಲ್ಲಿ ಕಡಿಮೆ ಸರ್ವಿಸ್ ಖರ್ಚು. ಹನ್ನೆರಡನೆಯ ವರ್ಷದಲ್ಲಿ ಏನಾಗುತ್ತದೆ ಎಂಬುದು ಅವನ ಚಿಂತೆಯಲ್ಲ. ತಯಾರಕರು ಆಯಿಲ್ ಬದಲಿಸುವ ಅವಧಿಯನ್ನು ಉದ್ದ ಮಾಡಿದರು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ 'ಜೀವಮಾನಕ್ಕೆ ಸಾಕು' ಎಂದರು. ಬಿಎಂಡಬ್ಲ್ಯು ಮುಂತಾದವರಿಗೆ ಗೇರ್‌ಬಾಕ್ಸ್ ಮಾಡಿಕೊಡುವ ಜ಼ಡ್‌ಎಫ್ ಕಂಪನಿಯೇ ಸುಮಾರು ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಆಯಿಲ್ ಬದಲಿಸಿ ಎನ್ನುತ್ತದೆ. ಹಾಗಾದರೆ 'ಜೀವಮಾನ' ಎಂದರೆ ಯಾರ ಜೀವಮಾನ? ಕಾರಿನದೋ, ಮೊದಲ ಮಾಲೀಕನ ಕರಾರಿನದೋ? ಎರಡನೆಯ ಮಾಲೀಕನ ಜೇಬಿನ ಗತಿ ಈ ಪದದ ಅರ್ಥದಲ್ಲಿ ಅಡಗಿದೆ.

ಇದರ ಫಲವನ್ನು ಕೆಲವು ಪ್ರಸಿದ್ಧ ದೋಷಗಳಲ್ಲಿ ಓದಬಹುದು. 1990ರ ದಶಕದ ಮೊದಲರ್ಧದ ಮರ್ಸಿಡಿಸ್‌ಗಳಲ್ಲಿ ಎಂಜಿನ್ ವೈರಿಂಗಿಗೆ ಪರಿಸರಸ್ನೇಹಿ ಎಂದು ಬಳಸಿದ ಹೊದಿಕೆ ಎಂಜಿನ್ನಿನ ಕಾವಿಗೆ ಪುಡಿಪುಡಿಯಾಗಿ ಉದುರಿತು. ಬಿಎಂಡಬ್ಲ್ಯು ತನ್ನ ಕೆಲವು ಎಂಜಿನ್‌ಗಳ ಸಿಲಿಂಡರ್ ಗೋಡೆಗೆ ಲೇಪಿಸಿದ ನಿಕಾಸಿಲ್ ಎಂಬ ಪದರ, ಗಂಧಕ ಹೆಚ್ಚಿದ್ದ ಅಮೆರಿಕ ಮತ್ತು ಬ್ರಿಟನ್ನಿನ ಪೆಟ್ರೋಲಿಗೆ ಸವೆದುಹೋಯಿತು. ಒಂದು ದೇಶದ ಇಂಧನಕ್ಕೆ ಸರಿಯಾದದ್ದು ಇನ್ನೊಂದು ದೇಶದಲ್ಲಿ ಸೋತಿತು. ಪೋರ್ಷೆಯ 1990ರ ದಶಕದ ಕೊನೆಯ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳಲ್ಲಿ ಎಂಜಿನ್ನಿನೊಳಗಿನ ಒಂದು ಚಿಕ್ಕ ಬೇರಿಂಗ್ ಮುರಿದರೆ ಇಡೀ ಎಂಜಿನ್ ಹೋಗುತ್ತಿತ್ತು. ಅಮೆರಿಕದಲ್ಲಿ ಈ ಬಗ್ಗೆ ಮಾಲೀಕರು ಹೂಡಿದ ಸಾಮೂಹಿಕ ಮೊಕದ್ದಮೆ 2013ರಲ್ಲಿ ರಾಜಿಯಾಯಿತು. ಅಂಥ ಬೇರಿಂಗುಗಳಲ್ಲಿ ಬಹುಪಾಲು ಮುರಿಯಲೇ ಇಲ್ಲ. ಆದರೂ 'ಮುರಿಯಬಹುದು' ಎಂಬ ಭಯ ಆ ಪೀಳಿಗೆಯ ಎಲ್ಲ ಕಾರುಗಳ ಬೆಲೆಯನ್ನೂ ಇಳಿಸಿತು.

ಕೆಲವೆಡೆ ತೊಂದರೆ ಭಾಗದಲ್ಲಿರಲಿಲ್ಲ, ಅದನ್ನು ಇಟ್ಟ ಜಾಗದಲ್ಲಿತ್ತು. 2000ರ ದಶಕದ ಆಡಿ ಎಸ್4 ಕಾರಿನ ಎಂಟು ಸಿಲಿಂಡರಿನ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದು ಎಂಜಿನ್ನಿನ ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗೆ. ಚೈನಿನ ಆಧಾರದ ಪ್ಲಾಸ್ಟಿಕ್ ತುಂಡು ಸವೆದರೆ ಅದನ್ನು ಬದಲಿಸಲು ಇಡೀ ಎಂಜಿನ್ ಹೊರತೆಗೆಯಬೇಕು. ಭಾಗದ ಬೆಲೆ ಒಂದು ಪಾಲಾದರೆ ಕೂಲಿ ಹಲವು ಪಾಲು. ಮರ್ಸಿಡಿಸ್ 2001ರಲ್ಲಿ ತಂದ ವಿದ್ಯುತ್-ಚಾಲಿತ ಬ್ರೇಕ್ ವ್ಯವಸ್ಥೆ ಇನ್ನೂ ಮುಂದೆ ಹೋಯಿತು. ಅದು ತನ್ನನ್ನು ಎಷ್ಟು ಬಾರಿ ಒತ್ತಿದರು ಎಂದು ತಾನೇ ಎಣಿಸಿಕೊಳ್ಳುತ್ತದೆ, ನಿಗದಿತ ಸಂಖ್ಯೆ ಮುಟ್ಟಿದಾಗ ಬದಲಿಸಿ ಎಂದು ಎಚ್ಚರಿಸುತ್ತದೆ. 2004 ಮತ್ತು 2005ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಕಂಪನಿ ವಾಪಸು ಕರೆಸಿ ಸರಿಪಡಿಸಬೇಕಾಯಿತು. ಸವೆಯುವ ಯಂತ್ರ ನಮಗೆ ಗೊತ್ತಿತ್ತು. ಆಯಸ್ಸನ್ನು ಲೆಕ್ಕ ಹಾಕಿಟ್ಟುಕೊಂಡು ಬರುವ ಯಂತ್ರ ಹೊಸದು.

'ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ' ಎಂಬ ಗಾದೆ ಆನೆಯ ಬೆಲೆಯನ್ನು ಹೇಳುತ್ತದೆ, ಮೇವಿನ ಖರ್ಚನ್ನು ಹೇಳುವುದಿಲ್ಲ. ಹಳೆಯ ಐಷಾರಾಮಿ ಕಾರಿನ ಲೆಕ್ಕ ತಪ್ಪುವುದು ಅಲ್ಲೇ. 60 ಲಕ್ಷ ರೂಪಾಯಿಯ ಕಾರು ಹತ್ತು ವರ್ಷದ ಬಳಿಕ 10 ಲಕ್ಷಕ್ಕೆ ಸಿಕ್ಕಿತು ಎಂದುಕೊಳ್ಳೋಣ. ಕಾರಿನ ಬೆಲೆ ಇಳಿಯಿತು, ಬಿಡಿಭಾಗಗಳ ಬೆಲೆ ಇಳಿಯಲಿಲ್ಲ. ಏರ್ ಸಸ್ಪೆನ್ಷನ್ನಿಗೋ ಗೇರ್‌ಬಾಕ್ಸಿಗೋ 2 ಲಕ್ಷದ ಕೆಲಸ ಬಂದರೆ ಮೊದಲ ಮಾಲೀಕನಿಗೆ ಅದು ಕಾರಿನ ಬೆಲೆಯ ಮೂವತ್ತರಲ್ಲಿ ಒಂದು ಪಾಲು, ಎರಡನೆಯವನಿಗೆ ಐದರಲ್ಲಿ ಒಂದು. ಕಾರು ಅದೇ, ರಿಪೇರಿ ಅದೇ. ಬದಲಾದದ್ದು ಅದನ್ನು ಹೊರುವ ಹೆಗಲು. ಹೀಗೆ ಹೊರಲಾರದೆ ಮಾಲೀಕ ಒಂದು ಸರ್ವಿಸ್ ಮುಂದೂಡುತ್ತಾನೆ, ಮುಂದೂಡಿದ್ದು ಇನ್ನೊಂದನ್ನು ಕೆಡಿಸುತ್ತದೆ, ಕೊನೆಗೆ ಕಾರು ಮೂರನೆಯವನ ಕೈಗೆ ಹೋಗುತ್ತದೆ. 'ಈ ಕಾರು ನಂಬಿಕೆಗೆ ಅರ್ಹವಲ್ಲ' ಎಂಬ ಹೆಸರು ಎಷ್ಟೋ ಸಲ ತಯಾರಿಕೆಯ ದೋಷದಿಂದ ಬಂದದ್ದಲ್ಲ, ಹೀಗೆ ಮುಂದೂಡಿದ ಸರ್ವಿಸುಗಳಿಂದ ಬಂದದ್ದು.

ಮೂರನೆಯವನಿಗೆ ಇದೆಲ್ಲ ಗೊತ್ತಾಗುವುದು ಹೇಗೆ? ನಾವು ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಅಮೆರಿಕನ್ನರು ಕೊಂಡ ಮೇಲೆ ಕೈಕೊಡುವ ಕಾರನ್ನೇ ನಿಂಬೆಹಣ್ಣು ಎನ್ನುತ್ತಾರೆ. ಅರ್ಥಶಾಸ್ತ್ರಜ್ಞ ಜಾರ್ಜ್ ಆಕೆರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧದ ಹೆಸರಿನಲ್ಲೇ ಈ ಪದವಿದೆ. ಕಾರಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಸರಾಸರಿ ಬೆಲೆಯಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. 1967–68ರಲ್ಲಿ ಒಂದು ವರ್ಷ ಭಾರತದಲ್ಲಿದ್ದ ಆಕೆರ್ಲಾಫ್ ಇದೇ ಪ್ರಬಂಧದಲ್ಲಿ ಇಲ್ಲಿನ ಹಳ್ಳಿಯ ಲೇವಾದೇವಿಯನ್ನೂ ಚರ್ಚಿಸುತ್ತಾರೆ. ಸಾಲಗಾರನ ಗುಣ ಊರಿನ ಸಾಹುಕಾರನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ ಎಂಬ ಅದೇ ತರ್ಕ. 2001ರಲ್ಲಿ ಅವರಿಗೆ ನೊಬೆಲ್ ಬಂತು. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿನ ದೊಡ್ಡ ಕಾರುಗಳು ಎನ್‌ಒಸಿ ಪಡೆದು ಬೇರೆ ರಾಜ್ಯಗಳಿಗೆ ಹೊರಟವು. ಕೊಂಡವನಿಗೂ ಕಾರಿನ ಹಿಂದಿನ ಬದುಕಿಗೂ ನಡುವೆ ಎರಡು ಸಾವಿರ ಕಿಲೋಮೀಟರ್ ಅಂತರ. ಆಕೆರ್ಲಾಫ್ ಹೇಳಿದ ಅಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಅಜ್ಞಾನ ಕೊಳ್ಳುವವನದು ಮಾತ್ರವಲ್ಲ. ಕಂಪ್ಯೂಟರ್ ಬಂದ ಮೇಲೆ ಬೀದಿಯ ಮೆಕ್ಯಾನಿಕ್ ಕೂಡ ಹೊರಗುಳಿದ. ಕಾರಿನ ದೋಷವನ್ನು ಓದುವ ಸಾಫ್ಟ್‌ವೇರ್, ಸರ್ಕೀಟಿನ ನಕ್ಷೆ, ಬದಲಿಸಿದ ಭಾಗವನ್ನು ಕಾರು ಗುರುತಿಸುವಂತೆ ಮಾಡುವ ಸಂಕೇತ, ಎಲ್ಲವೂ ಅಧಿಕೃತ ಶೋರೂಮಿನ ಒಳಗೆ. ಯುರೋಪ್ 2002ರ ನಿಯಮಗಳಲ್ಲಿ ಭಾಗಗಳನ್ನು ತಯಾರಿಸುವ ಕಂಪನಿಗಳು ಅವುಗಳನ್ನು ಸ್ವತಂತ್ರ ಗ್ಯಾರೇಜುಗಳಿಗೂ ಮಾರುವ ದಾರಿ ತೆರೆಯಿತು. 2007ರಲ್ಲಿ ದುರಸ್ತಿಯ ಮಾಹಿತಿಯನ್ನೂ ಕೊಡಬೇಕೆಂದಿತು. ಪೆಟ್ಟಿಗೆಯ ಮೇಲೆ ನಕ್ಷತ್ರವಿಲ್ಲದ ಅದೇ ಬಾಷ್, ಮಾಹ್ಲೆ, ಸಾಖ್ಸ್ ಭಾಗ ಕಡಿಮೆ ಬೆಲೆಗೆ ಸಿಗುವುದು ಇಂಥ ದಾರಿಯಿಂದ. ಭಾರತದಲ್ಲಿ ಒಬ್ಬ ಗ್ರಾಹಕರ ದೂರಿನಿಂದ ಶುರುವಾದ ಪ್ರಕರಣದಲ್ಲಿ 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಮತ್ತು ದುರಸ್ತಿಯ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬುದು ಆಯೋಗದ ತೀರ್ಮಾನ. ಜರ್ಮನ್ ಹೆಸರುಗಳ ಜೊತೆ ನಮ್ಮ ದೇಶದ ಹೆಸರುಗಳೂ ಆ ಪಟ್ಟಿಯಲ್ಲಿದ್ದವು. ಪ್ರಕರಣ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿದಾಗ ವಾಹನಗಳೂ ಅದರ ವ್ಯಾಪ್ತಿಗೆ ಬಂದವು.

ಹಳೆಯ ಬೆಂಜ್ ಕೊಳ್ಳಬಲ್ಲವನ ಕಷ್ಟ ಯಾವ ದೊಡ್ಡ ಕಷ್ಟ ಎಂದು ಕೇಳಬಹುದು. ಆದರೆ ಐಷಾರಾಮಿ ಕಾರಿನಲ್ಲಿ ಇಂದು ಬಂದದ್ದು ನಾಳೆ ಸಾಮಾನ್ಯ ಕಾರಿಗೆ, ನಾಡಿದ್ದು ಟ್ರ್ಯಾಕ್ಟರಿಗೆ ಬರುತ್ತದೆ. ಎಬಿಎಸ್ ಬ್ರೇಕು, ಏರ್‌ಬ್ಯಾಗು ಹೀಗೆಯೇ ಬಂದವು. ಬೀಗ ಹಾಕಿದ ಸಾಫ್ಟ್‌ವೇರ್, ಸೀಲು ಮಾಡಿದ ಗೇರ್‌ಬಾಕ್ಸ್, ತೆಗೆದು ಹಾಕುವುದಷ್ಟೇ ಸಾಧ್ಯವಿರುವ ಡಬ್ಬಿಗಳು ಕೂಡ ಅದೇ ದಾರಿಯಲ್ಲಿವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಪಂಪು ಕೂರಿಸುವ ಊರೂರ ಕೈಗಳು ಬಾಳಿದ್ದು ವಸ್ತುಗಳು ಬಿಚ್ಚಲು ಬರುತ್ತಿದ್ದುದರಿಂದ. ಹೆಚ್ಚು ಬಾಳಿಕೆ ಬರುವ ಕಾರನ್ನು ಮಾಡುವುದು ಎಂಜಿನಿಯರುಗಳಿಗೆ ಬಿಟ್ಟದ್ದು. ಬಿಚ್ಚಲು ಬರುವ ಕಾರನ್ನು ಕೇಳುವುದು ನಮಗೆ ಬಿಟ್ಟದ್ದು.

ಅಲ್ಲಿಯವರೆಗೆ ಕೊಳ್ಳುವವನಿಗೆ ಉಳಿದಿರುವುದು ಚರಿತ್ರಕಾರನ ಕೆಲಸವೇ. ಮಾರುವವನು ಕಾರಿನ ಹೊಳಪನ್ನು ತೋರಿಸುವಾಗ ಸರ್ವಿಸಿನ ಕಡತವನ್ನು ಕೇಳಬೇಕು. ಯಾವ ತಾರೀಖು, ಎಷ್ಟು ಕಿಲೋಮೀಟರ್, ಯಾವ ಗ್ಯಾರೇಜು, ಯಾವ ಭಾಗ. ಯಾವ ವರ್ಷಗಳ ರಸೀದಿ ಇಲ್ಲ, ಗೇರ್‌ಬಾಕ್ಸಿನ ಆಯಿಲ್ ಒಮ್ಮೆಯಾದರೂ ಬದಲಾಗಿದೆಯೇ, ಕೂಲೆಂಟ್ ಯಾವಾಗ ತುಂಬಿಸಿದರು. ಪತ್ರಾಗಾರದಲ್ಲಿ ನಾವು ಕಲಿಯುವ ಮೊದಲ ಪಾಠ, ದಾಖಲೆಯಲ್ಲಿ ಇರುವುದರಷ್ಟೇ ಇಲ್ಲದಿರುವುದನ್ನೂ ಓದಬೇಕು ಎಂಬುದು. ನಕ್ಷತ್ರವೋ, ನಾಲ್ಕು ಉಂಗುರವೋ, ನೀಲಿ-ಬಿಳಿ ಚಕ್ರವೋ ಕಾರಿನ ವಂಶವನ್ನು ಹೇಳುತ್ತವೆ. ಅದರ ನಡತೆಯನ್ನು ಹೇಳುವುದು ಎಣ್ಣೆಯ ಬೆರಳಚ್ಚು ಅಂಟಿದ ಆ ರಸೀದಿಗಳು.